ಚಿಲ್ಲರೆ ಬಂದ್, ಹೋಲ್‌ಸೇಲ್ ಚಾಲೂ

ಕಾನೂನು ಓದುವ ಹುಡುಗರಿಗೆ ಮಧು ಲಿಮಯೆ ಅಂದ್ರೆ ಒಂದು ಕೇಸಿನ ಹೆಸರು, ಅಷ್ಟೇ. ನನ್ನ ಅಕ್ಕನ ಮಗಳು ಇಲ್ಲೇ ಪುಣೆಯಲ್ಲಿ ಲಾ ಓದುತ್ತಿದ್ದಾಳೆ. ಸಂವಿಧಾನದ ಪುಸ್ತಕದಲ್ಲಿ ಈ ಹೆಸರು, ಕ್ರಿಮಿನಲ್ ಪ್ರೊಸೀಜರ್ ಪುಸ್ತಕ ತೆಗೆದರೆ ಅಲ್ಲೂ ಇದೇ ಹೆಸರು. ಕೊನೆಗೆ ತಲೆಕೆಟ್ಟು ಕೇಳಿದಳು: "ಮಾಮಾ, ಇವ್ರು ಎಷ್ಟ್ ಕೇಸ್ ಹಾಕ್ಯಾರ? ವಕೀಲರೇನು?"

ವಕೀಲರಲ್ಲ, ಸಂಸದರಾಗಿದ್ದವರು. ಇದೇ ಊರಿನವರು. 1922ರ ಮೇ 1ರಂದು ಪುಣೆಯಲ್ಲಿ ಹುಟ್ಟಿದರು. ಅವಳ ಕಾಲೇಜಿನಿಂದ ನಡೆದೇ ಹೋಗಬಹುದಾದ ಫರ್ಗ್ಯುಸನ್ ಕಾಲೇಜಿಗೆ 1937ರಲ್ಲಿ ಸೇರಿದರು. ಆಮೇಲೆ ಓದಿಗಿಂತ ಚಳವಳಿಯೇ ಜಾಸ್ತಿಯಾಯಿತು. ಎಸ್.ಎಂ. ಜೋಶಿ, ಎನ್.ಜಿ. ಗೋರೆ ಅವರ ಸಮಾಜವಾದಿ ಗುಂಪಿಗೆ ಸೇರಿಕೊಂಡರು. ಮುಂದೆ ಮೂರನೇ ಲೋಕಸಭೆಯಿಂದ ಆರನೆಯದರವರೆಗೆ ನಾಲ್ಕರಲ್ಲೂ ಕೂತರು, ಅದೂ ಪುಣೆಯಿಂದ ಆರಿಸಿ ಬಂದಲ್ಲ, ದೂರದ ಬಿಹಾರದಿಂದ.

ನಮ್ಮ ದೇಶದಲ್ಲಿ ಸಂಸತ್ತಿನ ಬಗ್ಗೆ ಬರೆದವರಿಗೇನೂ ಕಮ್ಮಿಯಿಲ್ಲ. ಹೆಚ್ಚಿನವರು ಪ್ರೊಫೆಸರುಗಳು, ಇಲ್ಲವೇ ಸಂಸತ್ತಿನ ಸಚಿವಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕೌಲ್ ಮತ್ತು ಶಕ್ಧರ್ ಬರೆದ ದಪ್ಪ ಪುಸ್ತಕ ಇದೆಯಲ್ಲ, ಪುರೋಹಿತರಿಗೆ ಪಂಚಾಂಗ ಹೇಗೋ ಸದನ ನಡೆಸುವವರಿಗೆ ಅದು ಹಾಗೆ. ಅಂಥ ಪುಸ್ತಕ ಬರೆಯುವವರಿಗೆ ಒಂದು ಅನುಕೂಲ ಇದೆ. ಯಾರ ಜೊತೆಗೂ ಜಗಳ ಇರೋದಿಲ್ಲ. ಲಿಮಯೆ ಹಾಗಲ್ಲ. ಒದೆ ತಿಂದು, ಜೈಲು ಸೇರಿ, ಗೆದ್ದು, ಸೋತು, ಸ್ವಂತ ಪಕ್ಷವನ್ನೇ ಒಡೆದು, ಎಲ್ಲಾ ಮುಗಿದ ಮೇಲೆ ಕೂತು ಬರೆದವರು. ಶಾಸನಸಭೆ ಬಗ್ಗೆ ಬರೆದವರಲ್ಲಿ ನಾನು ಇವರನ್ನೇ ಜಾಸ್ತಿ ನಂಬುವುದು ಅದಕ್ಕೇ. ನಿಯಮ ಅನ್ನೋದು ಬಲ ಇಲ್ಲದವನ ಕೈಲಿರುವ ಆಯುಧ ಅಂತ ಇವರಿಗೆ ಮೈಮೇಲೆ ಬಿದ್ದ ಏಟಿನಿಂದ ಗೊತ್ತಿತ್ತು.

ಏಟು ಅಂದೆನಲ್ಲ, ಸುಮ್ನೆ ಮಾತಿಗೆ ಅಂದಿದ್ದಲ್ಲ. 1955ರಲ್ಲಿ ಗೋವಾ ಇನ್ನೂ ಪೋರ್ಚುಗೀಸರ ಕೈಲಿತ್ತು. ಮೇ ತಿಂಗಳಲ್ಲಿ ಗೋರೆಯವರು ಪುಣೆಯಿಂದ ಸತ್ಯಾಗ್ರಹಿಗಳನ್ನು ಕರೆದುಕೊಂಡು ಗಡಿ ದಾಟಿದರು. ಜುಲೈನಲ್ಲಿ ಲಿಮಯೆ ಇನ್ನೊಂದು ತಂಡದ ಜೊತೆ ಹೋದರು. ಪೊಲೀಸರು ಹಿಡಿದು ಚೆನ್ನಾಗಿ ಬಡಿದರು. ತಿಂಗಳುಗಟ್ಟಲೆ ಕಸ್ಟಡಿಯಲ್ಲಿಟ್ಟು, ಆ ವರ್ಷದ ಡಿಸೆಂಬರಿನಲ್ಲಿ ಮಿಲಿಟರಿ ಟ್ರಿಬ್ಯುನಲ್ ಮುಂದೆ ನಿಲ್ಲಿಸಿ 12 ವರ್ಷ ಶಿಕ್ಷೆ ಕೊಟ್ಟರು. ಲಿಮಯೆ ತಮ್ಮ ಪರವಾಗಿ ವಾದ ಮಾಡಲಿಲ್ಲ, ಅಪೀಲನ್ನೂ ಹಾಕಲಿಲ್ಲ. ಆ ಕೋರ್ಟಿಗೆ ತನ್ನನ್ನು ವಿಚಾರಿಸುವ ಅಧಿಕಾರವೇ ಇಲ್ಲ ಅನ್ನುವವನು ಅಪೀಲು ಹಾಕಿದರೆ ಅಧಿಕಾರ ಒಪ್ಪಿಕೊಂಡ ಹಾಗಾಗುತ್ತೆ. ನಾನು ಶಿವಾಜಿನಗರ ಕೋರ್ಟಿನ ಹತ್ತಿರ ಒಬ್ಬ ವಕೀಲರ ಆಫೀಸಿನಲ್ಲಿ ಡ್ರಾಫ್ಟಿಂಗ್ ಮಾಡಿಕೊಂಡು ಇರುವವನು. ದಿನಾ ಅಪೀಲುಗಳನ್ನೇ ಟೈಪ್ ಮಾಡುವ ನನಗೆ, 12 ವರ್ಷ ಅಂತ ಕೇಳಿದ ಮೇಲೂ ಒಂದು ಕಾಗದ ಕೊಡದೆ ಕೂರುವುದು ಎಂಥ ಕಷ್ಟ ಅಂತ ಅಂದಾಜಿದೆ. 19 ತಿಂಗಳ ಮೇಲೆ, 1957ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು.

ಅಪೀಲು ಬೇಡ ಅಂದ ಇದೇ ಮನುಷ್ಯ ಸ್ವತಂತ್ರ ಭಾರತದಲ್ಲಿ ಮಾತ್ರ ಒಂದು ಕೋರ್ಟನ್ನೂ ಬಿಡಲಿಲ್ಲ. ಅಕ್ಕನ ಮಗಳ ಪುಸ್ತಕದಲ್ಲಿ ಬರುವುದು ಆ ಕೇಸುಗಳೇ. 1968ರ ನವೆಂಬರ್ 6ರಂದು ಬಿಹಾರದ ಲಖೀಸರಾಯ್ ರೈಲ್ವೆ ಸ್ಟೇಷನ್ನಿನಲ್ಲಿ ಇವರನ್ನೂ ಜೊತೆಗಾರರನ್ನೂ ಪೊಲೀಸರು ಹಿಡಿದರು. ಯಾಕೆ ಹಿಡಿದಿದ್ದೀರಿ ಅಂದರೆ ಹೇಳಲಿಲ್ಲ. ಅವತ್ತೇ ಲಿಮಯೆ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು: ನಮ್ಮನ್ನು ಬಂಧಿಸಿದ್ದಾರೆ, ಕಾರಣ ತಿಳಿಸಿಲ್ಲ. ಕೋರ್ಟು ಆ ಪತ್ರವನ್ನೇ ಅರ್ಜಿ ಅಂತ ತಗೊಂಡಿತು. ಬಂಧಿಸಿದವನಿಗೆ ಕಾರಣ ಹೇಳಲೇಬೇಕು ಅನ್ನುವ ಸಂವಿಧಾನದ 22ನೇ ವಿಧಿ ಇಲ್ಲಿ ಮುರಿದಿದೆ ಅಂತ ಹೇಳಿ, ಡಿಸೆಂಬರಿನಲ್ಲಿ ಬಿಡುಗಡೆಗೆ ಆದೇಶ ಮಾಡಿತು. ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಅನ್ನೋದು ಎಲ್ಲರ ಬಾಯಲ್ಲಿ ಬರುವುದಕ್ಕೆ ಹತ್ತು ವರ್ಷ ಮುಂಚಿನ ಮಾತು ಇದು.

ಎರಡನೆಯದರಲ್ಲಿ ಸೋತರು. 144ನೇ ಸೆಕ್ಷನ್ನೇ ಸಂವಿಧಾನಕ್ಕೆ ವಿರುದ್ಧ ಅಂತ ವಾದ. ಏಳು ನ್ಯಾಯಮೂರ್ತಿಗಳ ಪೀಠ 1970ರಲ್ಲಿ ಅದನ್ನು ಒಪ್ಪಲಿಲ್ಲ. ಹಾಗಾಗಿ ಇವತ್ತಿಗೂ ಊರಲ್ಲಿ ಗಲಾಟೆ ಆದರೆ ನಾಲ್ಕು ಜನ ಸೇರಬೇಡಿ ಅಂತ ಆದೇಶ ಬರುತ್ತೆ. ಮೂರನೆಯದು ಮುಂಬೈದು. 1974ರಲ್ಲಿ ದಿಲ್ಲಿಯ ಪ್ರೆಸ್ ಕಾನ್ಫರೆನ್ಸಿನಲ್ಲಿ ಲಿಮಯೆ ಆಗ ಮಹಾರಾಷ್ಟ್ರದಲ್ಲಿ ಮಂತ್ರಿಯಾಗಿದ್ದ ಎ.ಆರ್. ಅಂತುಲೆ ಮೇಲೆ ಆರೋಪ ಮಾಡಿದರು. ಮುಂಬೈ ಸೆಷನ್ಸ್ ಕೋರ್ಟಿನಲ್ಲಿ ಮಾನಹಾನಿ ಕೇಸು ಬಿತ್ತು. ಅದು ಸುಪ್ರೀಂ ಕೋರ್ಟ್ ತನಕ ಹೋಗಿ, ಕೇಸು ಮೇಲ್ನೋಟಕ್ಕೇ ನಿಲ್ಲೋದಿಲ್ಲ ಅಂತಾದರೆ ಹೈಕೋರ್ಟು ಮಧ್ಯದಲ್ಲೇ ರದ್ದು ಮಾಡಬಹುದಾ ಅನ್ನುವ ಪ್ರಶ್ನೆಗೆ 1977ರಲ್ಲಿ ಉತ್ತರ ಸಿಕ್ಕಿತು. ಮಾಡಬಹುದು. ನಮ್ಮ ಆಫೀಸಿನಲ್ಲಿ ಕ್ವಾಶಿಂಗ್ ಅರ್ಜಿ, ಅಂದರೆ ಕೇಸು ರದ್ದು ಮಾಡಿ ಅನ್ನುವ ಅರ್ಜಿ, ಬಂದರೆ ಈ ತೀರ್ಪಿನ ಹೆಸರು ಹಾಕದೆ ಡ್ರಾಫ್ಟ್ ಮುಗಿಯೋದೇ ಇಲ್ಲ. ಬೈಗುಳಕ್ಕೆ ಅಂತ ಬಿದ್ದ ಕೇಸು, ಈಗ ಗುರುತು ಪರಿಚಯ ಇಲ್ಲದ ಎಷ್ಟೋ ಆರೋಪಿಗಳನ್ನು ಉಳಿಸುತ್ತಿದೆ.

ಸರಿ, ಸಂಸತ್ತಿಗೆ ಬರೋಣ. 1964ರ ಉಪಚುನಾವಣೆಯಲ್ಲಿ ಬಿಹಾರದ ಮುಂಗೇರಿನಿಂದ ಗೆದ್ದು ಮೊದಲ ಸಲ ಲೋಕಸಭೆಗೆ ಹೋದರು. 1967ರಲ್ಲಿ ಮತ್ತೆ ಅಲ್ಲಿಂದಲೇ. ಆ ಸಲದ ಸಂಯುಕ್ತ ಸೋಷಲಿಸ್ಟ್ ಪಕ್ಷದ ಬೆಂಚು ನೋಡಬೇಕು: ಲೋಹಿಯಾ, ಪುಣೆಯಿಂದ ಗೆದ್ದ ಎಸ್.ಎಂ. ಜೋಶಿ, ದಕ್ಷಿಣ ಮುಂಬೈಯಲ್ಲಿ ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್.ಕೆ. ಪಾಟೀಲರನ್ನು ಮಣ್ಣುಮುಕ್ಕಿಸಿ ಬಂದ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್, ಶಿವಮೊಗ್ಗದಿಂದ ಜೆ.ಎಚ್. ಪಟೇಲರು. ಲೋಕಸಭೆಯಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದ್ದು ಪಟೇಲರೇ ಅಂತ ನಮಗೆಲ್ಲ ಗೊತ್ತು. ಆದರೆ ಅವರ ಅಕ್ಕಪಕ್ಕ ಯಾರ್ಯಾರು ಇದ್ದರು ಅಂತ ಎಷ್ಟು ಜನಕ್ಕೆ ಗೊತ್ತು? ಇಡೀ ಪಕ್ಷಕ್ಕೆ ಇದ್ದದ್ದು ಇಪ್ಪತ್ತಮೂರು ಸೀಟು. ಐನೂರು ದಾಟುವ ಸದನದಲ್ಲಿ ಇಪ್ಪತ್ತಮೂರು ಜನ ವೋಟಿಗೆ ನಿಂತರೆ ಏನು ಆಗುತ್ತೆ? ಏನೂ ಆಗಲ್ಲ.

ಅಂಥವರ ಕೈಲಿ ಉಳಿಯುವುದು ಎರಡೇ, ಸಮಯ ಮತ್ತು ನಿಯಮ. ಲಿಮಯೆ ಎರಡನ್ನೂ ಪೂರ್ತಿ ಬಳಸಿದರು. ಪ್ರಶ್ನೋತ್ತರ ವೇಳೆಯನ್ನೇ ನೋಡಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಬಾಯಿಬಿಟ್ಟು ಉತ್ತರ ಹೇಳಬೇಕು. ಮೊದಲ ಉತ್ತರಕ್ಕೆ ಹೆದರಿಕೆ ಇಲ್ಲ, ಅದನ್ನು ಇಲಾಖೆಯವರು ದಿನಗಟ್ಟಲೆ ಕೂತು ಬರೆದುಕೊಟ್ಟಿರುತ್ತಾರೆ. ಕಷ್ಟ ಇರುವುದು ಅದರ ಬಾಲ ಹಿಡಿದು ಬರುವ ಉಪಪ್ರಶ್ನೆಯಲ್ಲಿ. ಆಗ ಫೈಲಿನಲ್ಲಿ ಇಲ್ಲದ್ದನ್ನು ಮಂತ್ರಿ ಹೇಳಬೇಕಾಗುತ್ತೆ. ಹೇಳಿದ್ದು ತಪ್ಪಾದರೆ ಸದನಕ್ಕೆ ತಪ್ಪು ಮಾಹಿತಿ ಕೊಟ್ಟಿರಿ ಅಂತ ಹಕ್ಕುಚ್ಯುತಿ ನೋಟಿಸು. ಉತ್ತರ ಕೊಡದಿದ್ದರೆ ಪಾಯಿಂಟ್ ಆಫ್ ಆರ್ಡರ್, ಅಂದರೆ ಸದನ ನಿಯಮದ ಪ್ರಕಾರ ನಡೀತಿಲ್ಲ ಅನ್ನುವ ಆಕ್ಷೇಪ. ಸ್ಪೀಕರು ಕೂರಿಸಿದರೆ, ಯಾವ ನಿಯಮದ ಪ್ರಕಾರ ಕೂರಿಸಿದಿರಿ ಅಂತ ಮತ್ತೊಂದು. ಕಿರುಚಾಟದಿಂದ ಇದು ಆಗೋದಿಲ್ಲ. ಯಾರೂ ಓದದ ಕಾಗದ ಓದಿಕೊಂಡು ಬಂದಿರಬೇಕು: ಸಂಸತ್ತಿನ ಮುಂದೆ ಇಡುವ ವರದಿಗಳು, ಹಿಂದಿನ ಅಧಿವೇಶನದಲ್ಲಿ ಇದೇ ಮಂತ್ರಿ ಹೇಳಿದ ಮಾತು, ಬಜೆಟ್ಟಿನ ಹಿಂಬದಿಯ ಪುಟಗಳು. ಇವರು ಎದ್ದು ನಿಂತರೆ ಕೈಲಿ ಯಾವ ಕಾಗದ ಇದೆಯೋ ಅಂತ ಎದುರಿನ ಬೆಂಚಿನವರು ನೋಡುತ್ತಿದ್ದರು ಅಂತ ಹಳಬರು ಬರೆದಿದ್ದಾರೆ. 1974ರ ಪಾಂಡಿಚೇರಿ ಲೈಸೆನ್ಸ್ ಹಗರಣದಲ್ಲಿ, ಅಲ್ಲಿನ ವ್ಯಾಪಾರಿಗಳಿಗೆ ಆಮದು ಲೈಸೆನ್ಸ್ ಕೊಡಿ ಅಂತ ಸಂಸದರ ಸಹಿ ಇದ್ದ ಒಂದು ಮನವಿಪತ್ರ ಹಿಡಿದು ಸರ್ಕಾರವನ್ನು ದಿನಗಟ್ಟಲೆ ಕಾಡಿದವರ ಸಾಲಿನಲ್ಲಿ ಲಿಮಯೆ ಮುಂದಿದ್ದರು. ಮನವಿಪತ್ರದಲ್ಲಿದ್ದ ಇಪ್ಪತ್ತೊಂದು ಸಹಿಗಳಲ್ಲಿ ಹೆಚ್ಚಿನವು ನಕಲಿ ಅನ್ನುವುದೇ ಆ ಗಲಾಟೆಯ ಮೂಲ.

ಇಷ್ಟೆಲ್ಲ ಹಿಂದಿಯಲ್ಲಿ. ಪುಣೆಯ ಮರಾಠಿ ಬ್ರಾಹ್ಮಣ, ಬಿಹಾರದ ಜನರ ಪರವಾಗಿ, ಹಿಂದಿಯಲ್ಲಿ. ಈಗ ಒಂದು ತಾಲ್ಲೂಕಿನವನು ಪಕ್ಕದ ತಾಲ್ಲೂಕಿನಲ್ಲಿ ನಿಂತರೆ ಹೊರಗಿನವನು ಅಂತ ಬೋರ್ಡ್ ಬೀಳುತ್ತೆ. ಅದಿರಲಿ. (ಇನ್ನೊಂದು ಮಾತು: ಮಧು ದಂಡವತೆ ಬೇರೆ, ಇವರು ಬೇರೆ. ಕೊಂಕಣ ರೈಲ್ವೆಯ ದಂಡವತೆಯವರೂ ಸಮಾಜವಾದಿ, ಅವರೂ ಸಂಸತ್ತಿನಲ್ಲಿ ಹೆಸರು ಮಾಡಿದವರು. ಹಾಗಾಗಿ ವಾಟ್ಸಾಪಿನಲ್ಲಿ ಇವರ ಫೋಟೋಕ್ಕೆ ಅವರ ಕಥೆ ಅಂಟಿಸಿ ಕಳಿಸುವವರು ಇದ್ದಾರೆ.)

ಮುಂಗೇರಿನಲ್ಲಿ 1971ರಲ್ಲಿ ಸೋತರು. 1973ರಲ್ಲಿ ಬಾಂಕಾ ಉಪಚುನಾವಣೆ ಗೆದ್ದು ಮತ್ತೆ ಬಂದರು. 1975ರಲ್ಲಿ ತುರ್ತು ಪರಿಸ್ಥಿತಿ, ವಿಚಾರಣೆ ಇಲ್ಲದೆ ಒಳಗಿಡುವ ಮೀಸಾ ಕಾಯ್ದೆ ಕೆಳಗೆ ಜೈಲು. ಅವರ ಇಡೀ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಜೈಲಿನಲ್ಲಿ ಆದದ್ದು. ಐದನೇ ಲೋಕಸಭೆ 1971ರ ಮಾರ್ಚಿನಲ್ಲಿ ಆರಿಸಿ ಬಂದದ್ದು. ಐದು ವರ್ಷಕ್ಕೆ, ಅಂದರೆ 1976ರ ಮಾರ್ಚಿಗೆ, ಮುಗಿಯಬೇಕು. ಸರ್ಕಾರ ಕಾನೂನು ಮಾಡಿ ಅವಧಿಯನ್ನು ಒಂದು ವರ್ಷ ಮುಂದಕ್ಕೆ ಹಾಕಿತು. ತುರ್ತು ಪರಿಸ್ಥಿತಿಯಲ್ಲಿ ಹಾಗೆ ಮಾಡಲು ಸಂವಿಧಾನದಲ್ಲೇ ಅವಕಾಶ ಇದೆ. ಕಾಗದದ ಮೇಲೆ ಸರಿಯಾಗೇ ಇತ್ತು. ಲಿಮಯೆ ಮಾತ್ರ ಜನ ನನ್ನನ್ನು ಕಳಿಸಿದ್ದು ಆ ಐದು ವರ್ಷಕ್ಕೆ, ಆಮೇಲೆ ಇಲ್ಲಿ ಕೂರುವ ಹಕ್ಕು ನನಗಿಲ್ಲ ಅಂತ ಜೈಲಿನಿಂದಲೇ ರಾಜೀನಾಮೆ ಕೊಟ್ಟರು. ಜೊತೆಗೆ ಕೊಟ್ಟವರು ಶರದ್ ಯಾದವ್. ವಿರೋಧ ಪಕ್ಷದಲ್ಲಿ ತುರ್ತು ಪರಿಸ್ಥಿತಿಗೆ ಬೈದವರು ನೂರಾರು ಜನ. ಸೀಟು ಬಿಟ್ಟವರನ್ನು ಎಣಿಸಲು ಒಂದು ಕೈ ಸಾಕು.

ನಿಯಮ ಗೊತ್ತಿರುವವರು ಬೇಕಾದಷ್ಟು ಜನ. ನಿಯಮ ತನಗೆ ಅನುಕೂಲ ಮಾಡಿಕೊಟ್ಟಾಗಲೂ ಅದು ಯಾಕೆ ಇದೆ ಅಂತ ಕೇಳುವವರು ಕಮ್ಮಿ.

ಇಲ್ಲಿ ಖಡಕಿಯ ಕಾಕಾ ಬಾಯಿ ಹಾಕುತ್ತಾರೆ. ಕಾಕಾ ಬೆಳಗಾವಿ ಕಡೆಯವರು, ಫ್ಯಾಕ್ಟರಿ ಕೆಲಸದಿಂದ ನಿವೃತ್ತರು. ಭಾನುವಾರ ಬೆಳಿಗ್ಗೆ ನಾವೊಂದಿಷ್ಟು ಕನ್ನಡದವರು ಡೆಕ್ಕನ್ ಹತ್ತಿರ ಚಹಾಕ್ಕೆ ಸೇರುತ್ತೇವೆ. ಲಿಮಯೆ ಹೆಸರು ಎತ್ತಿದರೆ ಸಾಕು, ಕಾಕಾಗೆ ಬಿಪಿ ಏರುತ್ತೆ. "ಏ ತಮ್ಮಾ, ಎಲ್ಲಾ ಖರೇ. ಆದ್ರ ಎಪ್ಪತ್ತೊಂಬತ್ತರಾಗ ಜನತಾ ಸರ್ಕಾರ ಕೆಡವಿದವ್ರು ಯಾರು? ಇದ ನಿಮ್ಮ ಲಿಮಯೆ. ಇಂದಿರಾಬಾಯಿನ್ನ ಮತ್ತ ಕುರ್ಚಿ ಮ್ಯಾಲ ಕೂಡ್ಸಿದ್ರು."

ಕಾಕಾ ಹೇಳೋದರಲ್ಲಿ ಅರ್ಥ ಇಲ್ಲ ಅಂತಲ್ಲ. 1977ರಲ್ಲಿ ಇಂದಿರಾರನ್ನು ಸೋಲಿಸಿ ಅಧಿಕಾರಕ್ಕೆ ಬಂದ ಜನತಾ ಪಕ್ಷಕ್ಕೆ ಲಿಮಯೆ ಪ್ರಧಾನ ಕಾರ್ಯದರ್ಶಿಯಾದರು. ಮಂತ್ರಿಯಾಗಲಿಲ್ಲ. ಆಮೇಲೆ ಎದ್ದಿದ್ದು ದ್ವಿಸದಸ್ಯತ್ವದ ಜಗಳ: ಜನಸಂಘದಿಂದ ಬಂದವರು ಜನತಾ ಪಕ್ಷದಲ್ಲೂ ಆರೆಸ್ಸೆಸ್ಸಿನಲ್ಲೂ ಒಟ್ಟಿಗೆ ಇರಬಹುದಾ? ಆಗಲ್ಲ ಅಂತ ಹಟ ಹಿಡಿದವರಲ್ಲಿ ಲಿಮಯೆ ಮುಖ್ಯರು. 1979ರ ಜುಲೈನಲ್ಲಿ ಪಕ್ಷ ಒಡೆಯಿತು, ಪ್ರಧಾನಿ ಮೊರಾರ್ಜಿ ರಾಜೀನಾಮೆ ಕೊಟ್ಟರು. 1980ರಲ್ಲಿ ಇಂದಿರಾ ವಾಪಸ್ ಬಂದರು. ಇದನ್ನೆಲ್ಲ ಲಿಮಯೆ ಆಮೇಲೆ ಎರಡು ಸಂಪುಟಗಳಲ್ಲಿ ಬರೆದರು. ಓದಿದರೆ ಅವರಿಗೆ ತಾವು ಮಾಡಿದ್ದು ಸರಿ ಅಂತಲೇ ಇತ್ತು ಅನ್ನೋದು ಗೊತ್ತಾಗುತ್ತೆ. ನನಗೆ ಹಾಗನ್ನಿಸಲ್ಲ. ಪ್ರಶ್ನೆ ಸರಿಯಾಗಿತ್ತು, ಆದರೆ ಅದನ್ನು ಪಕ್ಷ ಕಟ್ಟುವ ದಿನವೇ ಕೇಳಬೇಕಿತ್ತು. ವೋಟು ಕೊಟ್ಟ ಜನರಿಗೆ ಎರಡು ವರ್ಷದ ಮೇಲೆ ಈ ಜಗಳ ತೋರಿಸಿದರೆ ಅವರು ಏನು ಮಾಡಬೇಕು?

1982ರಲ್ಲಿ ಸಕ್ರಿಯ ರಾಜಕಾರಣ ಬಿಟ್ಟರು. ವಯಸ್ಸು ಅರವತ್ತು. ನಮ್ಮಲ್ಲಿ ರಾಜಕಾರಣಿಗಳು ಮಂತ್ರಿಯಾಗುವ ವಯಸ್ಸು. ಅಲ್ಲಿಂದ 1995ರ ಜನವರಿ 8ರಂದು ತೀರಿಕೊಳ್ಳುವ ತನಕ ಬರೆದದ್ದೇ ಬರೆದದ್ದು. ಇಂಗ್ಲಿಷ್, ಹಿಂದಿ, ಮರಾಠಿ ಸೇರಿ ಹತ್ತಾರು ಪುಸ್ತಕಗಳು. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ತಗೊಳ್ಳಲಿಲ್ಲ, ಮಾಜಿ ಸಂಸದರ ಪಿಂಚಣಿಯನ್ನೂ ಮುಟ್ಟಲಿಲ್ಲ. ಬರೆದು ಬಂದದ್ದರಲ್ಲೇ ಜೀವನ. ಬರಹ ಸುಲಭದ್ದಲ್ಲ, ಮೊದಲೇ ಹೇಳಿಬಿಡುತ್ತೇನೆ. ಕಥೆ ಹೇಳುವ ಗುಣ ಕಮ್ಮಿ, ದಾಖಲೆ ಜಾಸ್ತಿ. ರಾಷ್ಟ್ರಪತಿಗೆ ಎಷ್ಟು ಅಧಿಕಾರ, ಪ್ರಧಾನಿಗೆ ಎಷ್ಟು, ಕ್ಯಾಬಿನೆಟ್ ಅಂದರೆ ನಿಜವಾಗಿ ಏನು ಅಂತ ಪುಟಗಟ್ಟಲೆ. ಆದರೆ ಮಧ್ಯೆ ಒಂದೊಂದು ಸಾಲು ಬರುತ್ತೆ ನೋಡಿ, ಅದನ್ನು ಮರೆಯೋಕೆ ಆಗಲ್ಲ.

ಪಕ್ಷಾಂತರ ನಿಷೇಧ ಕಾಯ್ದೆ ಬಗ್ಗೆ ಬರೆದದ್ದು ಅಂಥದ್ದು. 1985ರ ಜನವರಿಯಲ್ಲಿ ರಾಜೀವ್ ಗಾಂಧಿ ಸರ್ಕಾರ ಅದನ್ನು ಎರಡು ದಿನದಲ್ಲಿ ಎರಡೂ ಸದನಗಳಲ್ಲಿ ಪಾಸು ಮಾಡಿತು. ಎಲ್ಲರೂ ಚಪ್ಪಾಳೆ ಹೊಡೆದರು. ಇವತ್ತು ಈ ಪಕ್ಷ, ನಾಳೆ ಆ ಪಕ್ಷ ಅನ್ನುವ ಆಯಾರಾಂ ಗಯಾರಾಂ ಕಾಲ ಮುಗಿಯಿತು ಅಂದರು. ಲಿಮಯೆ ಮಾತ್ರ ಇದು ಚಿಲ್ಲರೆ ಪಕ್ಷಾಂತರ ನಿಲ್ಲಿಸಿ ಹೋಲ್‌ಸೇಲ್ ಪಕ್ಷಾಂತರಕ್ಕೆ ಲೈಸೆನ್ಸ್ ಕೊಡುವ ಕಾನೂನು ಅಂದರು. ಇದು ಅವರಿಗೆ ಹೊಸ ನಿಲುವೇನಲ್ಲ. 1978ರಲ್ಲಿ ತಮ್ಮದೇ ಜನತಾ ಸರ್ಕಾರ ಇಂಥ ಮಸೂದೆ ತಂದಾಗಲೂ ಸದನದಲ್ಲೇ ವಿರೋಧಿಸಿದ್ದರು. ಕಡೆಗೆ ಅದನ್ನು ಸರ್ಕಾರ ಮುಂದಕ್ಕೆ ಒಯ್ಯಲಿಲ್ಲ.

ಕಾಕಾ ಮತ್ತೆ: "ಪಕ್ಷ ಒಡದವ್ರು ಪಕ್ಷಾಂತರ ಕಾಯ್ದೆ ಬ್ಯಾಡ ಅನ್ನಲಾರದ ಏನ್ ಮಾಡ್ತಾರ?" ಇದಕ್ಕೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಚುರುಕು ಮಾತು, ಒಪ್ಪಬೇಕು. ಆದರೆ ಹೇಳಿದವರು ಯಾರು ಅನ್ನೋದು ಬಿಟ್ಟು, ಹೇಳಿದ್ದು ನಿಜ ಆಯಿತಾ ನೋಡೋಣ ಅಂದೆ.

ಮೊದಲ ಕಾಯ್ದೆಯಲ್ಲಿ ಹೀಗಿತ್ತು: ಒಬ್ಬ ಶಾಸಕ ಪಕ್ಷ ಬಿಟ್ಟರೆ ಸೀಟು ಹೋಯಿತು. ವಿಪ್, ಅಂದರೆ ಹೀಗೇ ವೋಟು ಹಾಕಿ ಅನ್ನುವ ಪಕ್ಷದ ಆದೇಶ, ಮೀರಿ ವೋಟು ಹಾಕಿದರೂ ಹೋಯಿತು. ಆದರೆ ಶಾಸಕಾಂಗ ಪಕ್ಷದ ಮೂರನೇ ಒಂದು ಭಾಗ ಒಟ್ಟಿಗೆ ಹೊರಗೆ ಬಂದರೆ ಅದು ವಿಭಜನೆ, ತಪ್ಪಲ್ಲ. ಮೂರನೇ ಎರಡು ಭಾಗ ಇನ್ನೊಂದು ಪಕ್ಷಕ್ಕೆ ಸೇರಿದರೆ ವಿಲೀನ, ಅದೂ ತಪ್ಪಲ್ಲ. ಆತ್ಮಸಾಕ್ಷಿ ಅಂತ ಒಬ್ಬನೇ ಎದ್ದು ನಿಂತವನಿಗೆ ಶಿಕ್ಷೆ, ಗುಂಪು ಕಟ್ಟಿಕೊಂಡು ಹೋದವರಿಗೆ ರಕ್ಷಣೆ.

ಈಗ ಗೋವಾ ಲೆಕ್ಕ ತಗೊಳ್ಳಿ. ನಲವತ್ತು ಸೀಟಿನ ಪುಟ್ಟ ಸಭೆ, ಬೆರಳಲ್ಲೇ ಲೆಕ್ಕ ಹಾಕಬಹುದು. 1989ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 20. ಅದರ ಮೂರನೇ ಒಂದು ಭಾಗ ಆರೂ ಮುಕ್ಕಾಲು ಅನ್ನಿ. ಮರುವರ್ಷ ಹೊರಬಂದವರು ಎಷ್ಟು? ಏಳು. ಆರಲ್ಲ, ಎಂಟಲ್ಲ. ಮುಂದೆ ನಿಂತವರು ಯಾರು? ಪಕ್ಷಾಂತರದ ತೀರ್ಪು ಹೇಳಬೇಕಾದ ಸ್ಪೀಕರೇ, ಲೂಯಿಸ್ ಪ್ರೋಟೊ ಬಾರ್ಬೋಸಾ. ಅವರೇ ಮುಖ್ಯಮಂತ್ರಿಯೂ ಆದರು. 2003ರಲ್ಲಿ 91ನೇ ತಿದ್ದುಪಡಿ ತಂದು ಮೂರನೇ ಒಂದರ ಬಾಗಿಲು ಮುಚ್ಚಿದರು. ವಿಲೀನದ ಬಾಗಿಲು ತೆರೆದೇ ಇತ್ತು. 2019ರಲ್ಲಿ ಗೋವಾ ಕಾಂಗ್ರೆಸ್ಸಿಗೆ 15 ಶಾಸಕರು, ಬಿಜೆಪಿಗೆ ಹೋದವರು 10. ಸರಿಯಾಗಿ ಮೂರನೇ ಎರಡು. 2022ರ ಚುನಾವಣೆಗೆ ಮುಂಚೆ ಕಾಂಗ್ರೆಸ್ಸಿನವರು ತಮ್ಮ ಅಭ್ಯರ್ಥಿಗಳನ್ನು ದೇವಸ್ಥಾನಕ್ಕೆ, ಕ್ರಾಸ್ ಮುಂದೆ, ದರ್ಗಾಕ್ಕೆ ಕರೆದುಕೊಂಡು ಹೋಗಿ ಪಕ್ಷ ಬಿಡಲ್ಲ ಅಂತ ಆಣೆ ಮಾಡಿಸಿದರು. ಗೆದ್ದವರು 11. ಸೆಪ್ಟೆಂಬರ್ 14ಕ್ಕೆ ಬಿಜೆಪಿ ಸೇರಿದವರು 8. ಹನ್ನೊಂದರ ಮೂರನೇ ಎರಡು ಏಳೂ ಚಿಲ್ಲರೆ, ಹಾಗಾಗಿ ಎಂಟು. ಈ ವಿಲೀನದ ಬಾಗಿಲು ಇರುವುದು ಸಂವಿಧಾನದ ಹತ್ತನೇ ಶೆಡ್ಯೂಲಿನ ನಾಲ್ಕನೇ ಪ್ಯಾರಾದಲ್ಲಿ. ಮೂರು ದೇವರಿಗಿಂತ ಆ ಪ್ಯಾರಾ ಮೇಲೆ ಇವರಿಗೆ ಭಕ್ತಿ ಜಾಸ್ತಿ.

2019ರ ಆ ಗೋವಾ ಪಕ್ಷಾಂತರ ಆದದ್ದು ಜುಲೈ 10ರ ಸಂಜೆ. ಅದೇ ದಿನ ಮುಂಬೈಯ ಪೊವಾಯಿಯಲ್ಲಿ ಒಂದು ಹೋಟೆಲಿನ ಗೇಟಿನ ಮುಂದೆ ಮಳೆಯಲ್ಲಿ ಡಿ.ಕೆ. ಶಿವಕುಮಾರ್ ನಿಂತಿದ್ದರು. ಒಳಗೆ ನಮ್ಮ ಕರ್ನಾಟಕದ ಶಾಸಕರು. ಇಲ್ಲಿನ ಮರಾಠಿ ಚಾನೆಲ್‌ಗಳೆಲ್ಲ ಅದನ್ನೇ ತೋರಿಸುತ್ತಿದ್ದವು. ಆಫೀಸಿನಲ್ಲಿ ಎಲ್ಲರೂ ನನ್ನ ಮುಖ ನೋಡಿ, ನಿಮ್ಮವರು ಬಂದಿದ್ದಾರೆ ಅಂತ ರೇಗಿಸಿದ್ದು ಇನ್ನೂ ನೆನಪಿದೆ. (2022ರಲ್ಲಿ ಇಲ್ಲಿನ ಶಾಸಕರು ಸೂರತ್, ಗುವಾಹಟಿ ಸುತ್ತಿದಾಗ ಸಾಲ ತೀರಿಸಿದೆ.) ಕರ್ನಾಟಕದವರಿಗೆ ಮೂರನೇ ಎರಡು ಹೊಂದಿಸಲು ಆಗುತ್ತಿರಲಿಲ್ಲ, ಎರಡು ಪಕ್ಷದಿಂದ ಸೇರಿ ಹದಿನೇಳೇ ಜನ. ಅದಕ್ಕೆ ಹೊಸ ದಾರಿ ಹುಡುಕಿದರು, ರಾಜೀನಾಮೆ. ಜುಲೈ 23ಕ್ಕೆ 99–105ರಲ್ಲಿ ಸರ್ಕಾರ ಬಿತ್ತು. ಸ್ಪೀಕರ್ ಅನರ್ಹ ಮಾಡಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆ ಸರಿ, ಆದರೆ ಉಪಚುನಾವಣೆಗೆ ನಿಲ್ಲಬಹುದು ಅಂದಿತು. ಡಿಸೆಂಬರ್ 5ಕ್ಕೆ 15 ಕ್ಷೇತ್ರಗಳಲ್ಲಿ ಮತದಾನ, 12 ಬಿಜೆಪಿಗೆ. ಹೋದವರಲ್ಲಿ ಹೆಚ್ಚಿನವರು ಗೆದ್ದು ಮಂತ್ರಿಗಳಾದರು.

1976ರಲ್ಲಿ ಲಿಮಯೆ ಕೊಟ್ಟದ್ದೂ ರಾಜೀನಾಮೆಯೇ, 2019ರಲ್ಲಿ ಇವರು ಕೊಟ್ಟದ್ದೂ ಅದೇ. ಕಾಗದದಲ್ಲಿ ಹೆಚ್ಚುಕಮ್ಮಿ ಒಂದೇ ಸಾಲು. ಅದಕ್ಕೇ ಕಾಯ್ದೆ ಬರೆದು ಇದನ್ನು ತಡೆಯೋಕಾಗಲ್ಲ ಅನ್ನುವ ಲಿಮಯೆ ವಾದದಲ್ಲಿ ಹುರುಳಿದೆ ಅನ್ನಿಸುತ್ತೆ. ವಿಪ್ ಅನ್ನೋದು ಸರ್ಕಾರ ಉಳಿಸುವ ಇಲ್ಲ ಬೀಳಿಸುವ ವೋಟಿಗೆ ಮಾತ್ರ ಇರಲಿ, ಉಳಿದ ಮಸೂದೆಗಳಿಗೆ ಶಾಸಕ ತಲೆ ಉಪಯೋಗಿಸಲಿ ಅಂತ ಈಚೆಗೆ ಹಲವರು ಹೇಳುತ್ತಿದ್ದಾರೆ. ನನಗೂ ಅದೇ ಸರಿ ಅನ್ನಿಸೋದು. ಕಾಕಾ ಒಪ್ಪಲ್ಲ. ವಿಪ್ ತೆಗೆದರೆ ಒಂದೊಂದು ಮಸೂದೆಗೂ ಒಂದೊಂದು ರೇಟು ಬರುತ್ತೆ ಅಂತಾರೆ. ಅದಕ್ಕೆ ನನ್ನ ಹತ್ತಿರ ಇನ್ನೂ ಉತ್ತರ ಸಿಕ್ಕಿಲ್ಲ.

ಲಿಮಯೆಯವರನ್ನು ಓದಬೇಕು ಅನ್ನುವವರಿಗೆ ಪುಸ್ತಕದಿಂದ ಶುರು ಮಾಡಿ ಅಂತ ನಾನು ಹೇಳಲ್ಲ. ಅಪ್ಪಾ ಬಳವಂತ ಚೌಕದ ಹಳೇ ಪುಸ್ತಕದಂಗಡಿಗಳಲ್ಲಿ ಹುಡುಕಿದರೂ ಸುಲಭಕ್ಕೆ ಸಿಗಲ್ಲ. ಲೋಕಸಭೆಯ ಚರ್ಚೆಗಳು ಸಂಸತ್ತಿನ ಡಿಜಿಟಲ್ ಲೈಬ್ರರಿಯಲ್ಲಿ ಪುಕ್ಕಟೆ ಇವೆ. ನಾಲ್ಕನೇ ಲೋಕಸಭೆ, ಅಂದರೆ 1967ರಿಂದ 1970ರ ಸಂಪುಟಗಳನ್ನು ತೆಗೀರಿ. ಭಾಷಣ ಬಿಟ್ಟು ಪ್ರಶ್ನೋತ್ತರಕ್ಕೆ ಹೋಗಿ. ಸ್ಕ್ಯಾನ್ ಅಷ್ಟೇನೂ ಚೆನ್ನಾಗಿಲ್ಲ, ಹಿಂದಿ ಭಾಗ ಕೆಲವು ಕಡೆ ಮಸುಕು, ಮೊಬೈಲಿನಲ್ಲಿ ಓದಲು ಹೋಗಬೇಡಿ.